ತುಟಿಮಾತು

ಕಿವಿ ಡಾಕ್ಟರು ಟೀ ಹೊತ್ತಿಗೆ ಬರುತ್ತಾರೆ ಎಂದು ಗೊತ್ತಿದ್ದರೂ ಮುನಿಕೃಷ್ಣ ಬೆಳಿಗ್ಗೆ ಫ್ಯಾಕ್ಟರಿಗೆ ಬಂದಾಗಿನಿಂದ ಗೇಟಿನ ಕಡೆಯೇ ನೋಡುತ್ತಿದ್ದ. ದಾಬಸ್‌ಪೇಟೆಯ ಹತ್ತಿರ ಲಾರಿಯೊಂದು ಅಡ್ಡ ಬಿದ್ದು ರಸ್ತೆ ಕಟ್ಟಿದ್ದರೆ, ಡಾಕ್ಟರ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿದ್ದರೆ, ಇವತ್ತೊಂದು ದಿನ ತಪ್ಪಿದರೆ ಮುಂದೆ ಏನಾದರೂ ದಾರಿ ಕಂಡೀತು. ಕಂಡವರ ಮನೆಗೆ ಜ್ವರ ಬಯಸುವ ಮಟ್ಟಕ್ಕೆ ಇಳಿದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಬಯಸುವುದು ನಿಲ್ಲಲಿಲ್ಲ. ಮಹಡಿಯ ಮೇಲೆ ಅವನು ಕೆಲಸ ಮಾಡುವ, ನೌಕರರ ವ್ಯವಹಾರ ನೋಡುವ ಪರ್ಸೊನೆಲ್ ಆಫೀಸಿಗೆ ಒಂದು ಕಡೆ ಗೇಟಿನತ್ತ ಕಿಟಕಿ, ಇನ್ನೊಂದು ಕಡೆ ಉದ್ದಕ್ಕೂ ಗಾಜು. ಗಾಜಿನ ಕೆಳಗೆ ನೂಲು ಹುರಿ ಮಾಡುವ ಮೆಷಿನ್ನುಗಳು ಸಾಲಾಗಿ ನಿಂತು ಹಗಲೂ ರಾತ್ರಿ ಬಡಕೊಳ್ಳುತ್ತವೆ. ಮೂರನೇ ಸಾಲಿನಲ್ಲಿ ಪದ್ಮಶ್ರೀ ಕಡಿದ ಎಳೆ ಗಂಟು ಹಾಕುತ್ತಿದ್ದಳು. ಅವಳ ಎಡಗಿವಿ ಪೂರಾ ಹೋಗಿದೆ, ಬಲಗಿವಿ ಅರೆಬರೆ. ಇವತ್ತು ಡಾಕ್ಟರು ಅದನ್ನು ಕಂಡುಹಿಡಿಯುತ್ತಾರೆ. ಕಂಡುಹಿಡಿದರೆ ಅವಳನ್ನು ಮನೆಗೆ ಕಳಿಸುತ್ತಾರೆ. ಆಫೀಸಿನವರಲ್ಲಿ ಅವಳ ಕಿವಿಯ ವಿಷಯ ಗೊತ್ತಿದ್ದದ್ದು ಮುನಿಕೃಷ್ಣನೊಬ್ಬನಿಗೆ, ಅದೂ ಅವಳು ಹೇಳಿ ಗೊತ್ತಾದದ್ದಲ್ಲ.

ಅವನಿಗೆ ತುಟಿ ಓದಲು ಬರುತ್ತಿತ್ತು. ಇದನ್ನೊಂದು ವಿದ್ಯೆ ಎಂದು ಅವನು ಯಾವತ್ತೂ ಅಂದುಕೊಂಡಿರಲಿಲ್ಲ. ಈಜು ಬರುವವರಿಗೆ ಈಜು ಬಂದಂತೆ ಅದು ಬರುತ್ತಿತ್ತು, ಅಷ್ಟೇ. ದೊಡ್ಡಬಳ್ಳಾಪುರದ ಪವರ್‌ಲೂಮ್ ಮನೆಗಳಲ್ಲಿ ಹುಟ್ಟಿದ ಮಕ್ಕಳೆಲ್ಲ ಹೀಗೆಯೇ. ಮಗ್ಗಗಳು ಶುರುವಾದರೆ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುವುದಿಲ್ಲ, ಹಾಗಾಗಿ ಯಾರೂ ಕೂಗುವುದಿಲ್ಲ. ಆಚೆ ಗೋಡೆಯ ಹತ್ತಿರದಿಂದ ಈಚೆ ಬಾಗಿಲವರೆಗೆ ಬರೀ ತುಟಿ ಆಡಿಸಿ ಸಂಸಾರದ ಕಷ್ಟಸುಖ ಮಾತಾಡಿಕೊಳ್ಳುತ್ತಾರೆ. ಅದಕ್ಕೊಂದು ಮರ್ಯಾದೆಯಿತ್ತು: ತನಗೆಂದು ಆಡದ ಮಾತು ಕಣ್ಣಿಗೆ ಬಿದ್ದರೆ ತಲೆ ತಗ್ಗಿಸಿ ಬಟ್ಟೆ ನೋಡಬೇಕು. ಚಿಕ್ಕವನಿದ್ದಾಗ ಒಂದು ಸಲ ಅವನು ಎದುರುಮನೆ ಹೆಂಗಸರಿಬ್ಬರ ಮಾತನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾಗ ತಾಯಿ ಶಕುಂತಲಮ್ಮ ಬಂದು ಅವನ ಗಲ್ಲ ಹಿಡಿದು ಮುಖವನ್ನು ಮಗ್ಗದ ಕಡೆ ತಿರುಗಿಸಿದ್ದಳು. ಬೈಯಲಿಲ್ಲ, ಹೊಡೆಯಲಿಲ್ಲ. ಅವಳ ಬೆರಳಲ್ಲಿ ಎಣ್ಣೆ ವಾಸನೆ ಇತ್ತು. ಆಮೇಲೆ ಅಪ್ಪ ಮಗ್ಗ ಮಾರಿ ದೇವನಹಳ್ಳಿಗೆ ಬಂದು ಅಂಗಡಿ ಇಟ್ಟರು. ಮುನಿಕೃಷ್ಣ ಓದಿದ, ಪ್ಯಾಂಟಿಗೆ ಇಸ್ತ್ರಿ ಹಾಕುವುದನ್ನು ಕಲಿತ, ಯಾರಾದರೂ ಕೇಳಿದರೆ "ನಮ್ಮದು ದೇವನಹಳ್ಳಿ" ಎಂದು ಅಲ್ಲಿಗೇ ನಿಲ್ಲಿಸುವುದನ್ನೂ ಕಲಿತ. ಸೋಂಪುರದ ಈ ಫ್ಯಾಕ್ಟರಿಯಲ್ಲಿ ಅರ್ಧಕ್ಕರ್ಧ ಜನ ಮಗ್ಗ ಮಾರಿಕೊಂಡು ಬಂದ ದೊಡ್ಡಬಳ್ಳಾಪುರದವರೇ. ಕಂಪನಿ ಬಸ್ಸಿನಲ್ಲಿ ಅವರು ಹಿಂದೆ ಕೂರುತ್ತಿದ್ದರು, ಇವನು ಆಫೀಸಿನವರ ಜೊತೆ ಮುಂದೆ. ತಾನೂ ನಿಮ್ಮವನೇ ಎಂದು ಒಂದು ದಿನವೂ ಅವನು ತಿರುಗಿ ಹೇಳಲಿಲ್ಲ.

ಇಷ್ಟಕ್ಕೆಲ್ಲ ಮೂಲ ಆ ಕಂಪ್ಯೂಟರು ಎಂದರೆ ಅರ್ಧ ಸುಳ್ಳು. ಆದರೂ ಬಾಂಬೆ ಹೆಡ್ಡಾಫೀಸಿನವರು ಅದನ್ನು ಕಳಿಸದೇ ಇದ್ದಿದ್ದರೆ ಅವನು ಗಾಜಿನ ಈಚೆ ಕೂತು ಸುಮ್ಮನೆ ನೋಡುತ್ತಾ ರಿಟೈರ್ ಆಗುತ್ತಿದ್ದನೇನೋ. ಆಫೀಸಿನಲ್ಲೊಂದು, ಸ್ಟೋರ್ಸಿನಲ್ಲೊಂದು, ಕ್ಯಾಂಟೀನಿನ ಕೈತೊಳೆಯುವ ಜಾಗದ ಪಕ್ಕ ಒಂದು ಕಂಪ್ಯೂಟರಿಟ್ಟು ಎಲ್ಲದಕ್ಕೂ ವೈರು ಎಳೆದರು. ಒಂದರಲ್ಲಿ ಬರೆದರೆ ಎಲ್ಲದರಲ್ಲೂ ಕಾಣುತ್ತದೆ, ಬಾಂಬೆಯಲ್ಲೂ ಕಾಣುತ್ತದೆ. ಕೆಲಸಗಾರರೆಲ್ಲರ ಹೆಸರು, ಫೋಟೋ; ಹೆಸರಿನ ಕೆಳಗೆ ಅವರವರು ಏನು ಬೇಕಾದರೂ ಬರೆಯಬಹುದು, ಹೆಸರು ಬೇಡವೆಂದರೆ ಹಾಗೂ ಬರೆಯಬಹುದು. ಪರ್ಸೊನೆಲ್ ಮ್ಯಾನೇಜರ್ ನಂದನ್ ಬೆಂಗಳೂರಿನಿಂದ ದಿನಾ ಕಾರಿನಲ್ಲಿ ಬಂದುಹೋಗುವ, ನಗುಮುಖದ, ಇನ್ನೂ ಮೂವತ್ತು ದಾಟದ ಹುಡುಗ. "ಇದು ನೋಟೀಸ್ ಬೋರ್ಡ್ ಅಲ್ಲ ಮುನಿಕೃಷ್ಣ. ನೋಟೀಸ್ ಬೋರ್ಡಲ್ಲಿ ನಾವು ಹೇಳ್ತೀವಿ, ಅವ್ರು ಓದ್ತಾರೆ. ಇದ್ರಲ್ಲಿ ಅವ್ರು ಹೇಳ್ತಾರೆ, ನಾವು ಓದ್ತೀವಿ. ಎರಡು ಸಾವಿರನೇ ಇಸವಿ ಬರ್ತಾ ಇದೆ ರೀ! ಏನಾದ್ರೂ ಕನ್ನಡದ ಹೆಸರು ಕೊಡಿ ಇದಕ್ಕೆ" ಎಂದ. ಮುನಿಕೃಷ್ಣ 'ಅಂಗಳ' ಎಂದ. ಹೇಳಿದ ಮೇಲೆ ಎಷ್ಟು ಒಳ್ಳೆಯ ಹೆಸರು ಎಂದು ಅವನಿಗೇ ಕಣ್ಣು ತುಂಬಿತು. ಇಂಥವಕ್ಕೆಲ್ಲ ಕಣ್ಣು ತುಂಬುವ ಚಾಳಿ ಅವನಿಗೆ ಮೊದಲಿನಿಂದಲೂ ಇತ್ತು.

ಅಂಗಳಕ್ಕೆ ಒಂದು ನರಪಿಳ್ಳೆಯೂ ಕಾಲಿಡಲಿಲ್ಲ. ಊಟಕ್ಕೆ ಬಂದವರು ಕೈ ತೊಳೆದು, ಕಂಪ್ಯೂಟರಿಗೆ ನೀರು ಹಾರೀತೆಂದು ಹೆದರಿ ದೂರ ನಿಂತು ಕೈ ಒರೆಸಿಕೊಂಡು ಹೋಗುತ್ತಿದ್ದರು. ಯಾರೋ ಅದಕ್ಕೆ ಕುಂಕುಮ ಇಟ್ಟಿದ್ದರು. ವಾರದ ಮೀಟಿಂಗಿನಲ್ಲಿ ನಂದನ್ ಎಲ್ಲರೆದುರು, "ಮುನಿಕೃಷ್ಣ, ನಿಮ್ಮ ಅಂಗಳ ಗುಡಿಸಿ ರಂಗೋಲಿ ಹಾಕಿದ್ದೇ ಬಂತು, ಜನಾನೇ ಇಲ್ವಲ್ರೀ" ಎಂದ. ಅಕೌಂಟ್ಸಿನವರು ನಕ್ಕರು. ಮುನಿಕೃಷ್ಣನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ನಕ್ಕ. ಕುರ್ಚಿಗೆ ವಾಪಸು ಬಂದು ಕೂತಾಗ ಕಿವಿ ಸುಡುತ್ತಿತ್ತು. ಕೆಳಗೆ ನೋಡಿದರೆ ಮೆಷಿನ್ನುಗಳ ನಡುವೆ ಮಾತೇ ಮಾತು. ಒಂದನೇ ಸಾಲಿನ ಗಂಗಲಕ್ಷ್ಮಮ್ಮ, ಕೆಲಸದಲ್ಲೂ ವಯಸ್ಸಿನಲ್ಲೂ ಎಲ್ಲರಿಗಿಂತ ಹಿರಿಯಳು, ತನ್ನ ಹಸು ಹೆಣ್ಣುಗರು ಹಾಕಿತೆಂದೂ ಹಣೆಯ ಮೇಲೆ ಬಿಳಿ ಬೊಟ್ಟಿದೆ ಎಂದೂ ಮೂರನೇ ಸಾಲಿನ ಪದ್ಮಶ್ರೀಗೆ ತುಟಿಯಲ್ಲೇ ಹೇಳುತ್ತಿದ್ದಳು. ಮುನಿಕೃಷ್ಣ ಕೀಬೋರ್ಡು ಎಳೆದುಕೊಂಡ. 'ಗಂಗಲಕ್ಷ್ಮಮ್ಮನವರ ಮನೆಗೆ ಪುಟ್ಟ ಲಕ್ಷ್ಮಿ ಬಂದಿದ್ದಾಳೆ, ಹಣೆಗೆ ಬೊಟ್ಟು ಇಟ್ಟುಕೊಂಡೇ ಬಂದಿದ್ದಾಳೆ' ಎಂದು ಹೆಸರು ಹಾಕದೆ ಬರೆದ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕಂಪ್ಯೂಟರಿನ ಮುಂದೆ ಜಾತ್ರೆ. ಓದು ಬಂದವರು ಬಾರದವರಿಗೆ ಓದಿ ಹೇಳಿದರು. ಗಂಗಲಕ್ಷ್ಮಮ್ಮ ಕೈಯಲ್ಲಿ ತಟ್ಟೆ ಹಿಡಿದುಕೊಂಡೇ, "ಯಾವಳೇ ಇದನ್ನ ಹಾಕ್ಸಿದ್ದು? ಗಿಣ್ಣ ಕೇಳ್ಕೊಂಡು ಬರ್ಲಿ, ಮಾಡ್ತೀನಿ!" ಎಂದು ಸಂಭ್ರಮದಿಂದ ಗದರಿದಳು. ಒಬ್ಬರು ಇನ್ನೊಬ್ಬರು ಹೇಳಿರಬೇಕೆಂದುಕೊಂಡರು. ಮುನಿಕೃಷ್ಣ ಮೂಲೆಯಲ್ಲಿ ಮುದ್ದೆ ಮುರಿಯುತ್ತಾ ಇದನ್ನೆಲ್ಲ ನೋಡಿದ. ಇಷ್ಟು ವರ್ಷದಲ್ಲಿ ಅವನಿಗೆ ಅಂಥ ಸುಖ ಆಗಿರಲಿಲ್ಲ. ತಾನು ಕದ್ದೆ ಎಂದು ಆಗ ಅನ್ನಿಸಲೇ ಇಲ್ಲ, ಕೊಟ್ಟೆ ಅನ್ನಿಸಿತು. ಆಮೇಲೆ ದಿನಕ್ಕೊಂದು ಸಿಗತೊಡಗಿತು. ಸಾಸಲು ಹಳ್ಳಿಯ ದೊಡ್ಡಮುನಿಯಪ್ಪನ ಮಗ ಡ್ರೈವಿಂಗ್ ಲೈಸೆನ್ಸ್ ತಗೊಂಡದ್ದು, ಸಾಂಬಾರಿನಲ್ಲಿ ತರಕಾರಿ ಹುಡುಕುವುದಕ್ಕೆ ಟಾರ್ಚು ಬೇಕು ಎಂದು ಯಾರೋ ಅಂದದ್ದು. ಸಾಂಬಾರು ಎರಡೇ ದಿನದಲ್ಲಿ ಗಟ್ಟಿಯಾಯಿತು. ನಂದನ್ ಅವನ ಭುಜ ತಟ್ಟಿ, "ಏನ್ರೀ ಮ್ಯಾಜಿಕ್ ಮಾಡಿದ್ರಿ? ಜನ ಬಾಯಿ ಬಿಡ್ತಾ ಇದಾರೆ" ಎಂದ. ಮುನಿಕೃಷ್ಣ, "ಅವರೇ ಬಂದು ಹೇಳ್ತಾರೆ ಸಾರ್" ಎಂದ. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಸಂಜೆ ಬಸ್ಸಿಳಿಯುವ ಹೊತ್ತಿಗೆ ಅವನೇ ಅದನ್ನು ನಂಬಿದ್ದ.

ಪದ್ಮಶ್ರೀ ಅದನ್ನು ಹೇಳಿದ್ದು ಶ್ರಾವಣದ ಒಂದು ಮೋಡದ ದಿನ. ಗಾಜಿನ ಮೇಲೆ ಬಿಸಿಲಿಲ್ಲದ್ದರಿಂದ ಕೆಳಗಿನ ಮುಖಗಳು ಕೈಗೆಟುಕುವಷ್ಟು ಹತ್ತಿರ ಕಾಣುತ್ತಿದ್ದವು. ಅವಳು ಗಂಗಲಕ್ಷ್ಮಮ್ಮನ ಕಡೆ ತಿರುಗಿ, ಕೈ ನೂಲಿನ ಮೇಲೇ ಇರುವಂತೆ, ನಿಧಾನವಾಗಿ ತುಟಿ ಆಡಿಸಿದಳು. ಮನೇಗೆ ಹೋದ್ಮೇಲೂ ಮೆಷಿನ್ನು ನನ್ನ ತಲೇಲೇ ಓಡ್ತಾ ಇರುತ್ತೆ ಅಕ್ಕಾ. ಮಗಳು ಕರೆದ್ರೆ ಕೇಳ್ಸಲ್ಲ. ಅವಳ ಬಾಯಿ ನೋಡ್ಕೊಂಡು ಹೂಂ ಅಂತೀನಿ. ಕತ್ತಲಲ್ಲಿ ಕರೆದ್ರೆ ಅದೂ ಇಲ್ಲ. ಗಂಗಲಕ್ಷ್ಮಮ್ಮ, ಯಾರ ಮುಂದೂ ಆಡಬೇಡ, ನಿನ್ನ ಗಂಡ ಮಗ್ಗ ಮಾರಿ ಕೂತವ್ನೆ, ಮನೆ ನಡೀತಿರೋದು ನಿನ್ನ ಕೈಯಿಂದ, ಎಂದಳು. ಪದ್ಮಶ್ರೀ, ನಿನ್ಬಿಟ್ರೆ ಯಾರಿಗೂ ಹೇಳಿಲ್ಲ ಎಂದಳು. ಮುನಿಕೃಷ್ಣನ ತಾಯಿಯ ಕಿವಿ ಹೋದದ್ದೂ ಹೀಗೆಯೇ, ಸದ್ದಿಲ್ಲದೆ. ಹತ್ತಿರ ಬಂದು 'ಅಮ್ಮಾ' ಎಂದರೂ ಬೆನ್ನು ತಿರುಗಿಸಿ ಒಲೆ ಊದುತ್ತಿದ್ದವಳು ಊದುತ್ತಲೇ ಇದ್ದದ್ದು ನೆನಪಾಯಿತು. ಇಲ್ಲಿ ತಲೆ ತಗ್ಗಿಸಬೇಕಿತ್ತು. ಅವನು ತಗ್ಗಿಸಿದ, ಆದರೆ ತಗ್ಗಿಸಿದ ಕಡೆ ಇದ್ದದ್ದು ಬಟ್ಟೆಯಲ್ಲ, ಕೀಬೋರ್ಡು. ಹೆಸರು ಹಾಕದಿದ್ದರೆ ಯಾರಿಗೆ ಗೊತ್ತಾಗುತ್ತದೆ? ನಾಲ್ಕು ಜನ ಓದಿದರೆ ಕಂಪನಿಯವರು ಕಿವಿಗೆ ಹತ್ತಿಯಾದರೂ ಕೊಟ್ಟಾರು. ಹೀಗೆ ತನಗೆ ತಾನೇ ಹೇಳಿಕೊಂಡ. ನಿಜವಾಗಿ ಅವನನ್ನು ಕೂರಿಸಿ ಬರೆಸಿದ್ದು ಹತ್ತಿಯಲ್ಲ. ಆ ಮಾತು ಚೆನ್ನಾಗಿತ್ತು. ಅದನ್ನು ಬಿಡಲು ಮನಸ್ಸಾಗಲಿಲ್ಲ. ಒಂದಕ್ಷರ ಬದಲಾಯಿಸಲೂ ಮನಸ್ಸಾಗಲಿಲ್ಲ.

ಊಟದ ಹೊತ್ತಿಗೆ ಯಾರೋ ಅದನ್ನು ಗಟ್ಟಿಯಾಗಿ ಓದಿದರು. ಈ ಸಲ ಯಾರೂ ನಗಲಿಲ್ಲ. ಪದ್ಮಶ್ರೀ ಓದುವವನ ಬಾಯನ್ನೇ ನೋಡುತ್ತಿದ್ದಳು. ಮೊದಲು ಅವಳಿಗೆ ಅರ್ಥವಾಗಲಿಲ್ಲವೇನೋ, ತನ್ನಂಥವರು ಇನ್ನೊಬ್ಬರಿದ್ದಾರೆ ಎಂಬಂತೆ ಮುಖ ಅರಳಿತು ಕೂಡ. 'ಬಾಯಿ ನೋಡ್ಕೊಂಡು ಹೂಂ ಅಂತೀನಿ' ಎನ್ನುವಷ್ಟರಲ್ಲಿ ಅದು ಬಾಡಿತು. ಅವಳು ತಟ್ಟೆ ಇಟ್ಟು ಗಂಗಲಕ್ಷ್ಮಮ್ಮನ ಮುಂದೆ ಹೋಗಿ ನಿಂತಳು. "ನಿನಗೊಬ್ಳಿಗೇ ಅಲ್ವಾ ಅಕ್ಕ ನಾನು ಹೇಳಿದ್ದು?"

"ನನ್ನ ಮಗನ ಆಣೆ ಕಣೇ, ಒಂದು ಪಿಳ್ಳೆಗೂ ಹೇಳಿಲ್ಲ."

"ಮತ್ತೆ ಮೆಷಿನ್ ಹೇಳ್ತಾ? ನಾನಂದಂಗೇ ಐತೆ. ಒಂದು ಮಾತು ಹೆಚ್ಚಿಲ್ಲ, ಕಮ್ಮಿ ಇಲ್ಲ."

"ದೇವರಾಣೆಗೂ ನಾನಲ್ಲ ಪದ್ಮಾ."

"ನನ್ನ ಹೊಟ್ಟೆ ಮೇಲೆ ಹೊಡೆದು ನಿನಗೇನು ಸಿಗ್ತು?" ಎಂದು ಪದ್ಮಶ್ರೀ ತನ್ನ ಬುತ್ತಿ ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು. ಇಬ್ಬರೂ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಬರುತ್ತಿದ್ದವರು. ಅವತ್ತು ಗಂಗಲಕ್ಷ್ಮಮ್ಮ ಪಕ್ಕದ ಜಾಗಕ್ಕೆ ಕೈಚೀಲ ಇಟ್ಟು ಕಾದಳು, ಪದ್ಮಶ್ರೀ ಕಂಬಿ ಹಿಡಿದು ದೊಡ್ಡಬಳ್ಳಾಪುರದವರೆಗೆ ನಿಂತೇ ಬಂದಳು. ಮುಂದಿನ ಸೀಟಿನಲ್ಲಿದ್ದ ಮುನಿಕೃಷ್ಣ ಡ್ರೈವರಿನ ಕನ್ನಡಿಯಲ್ಲಿ ಅದನ್ನು ನೋಡಿದ. ಎದ್ದು 'ನಾನು' ಎನ್ನಬೇಕಿತ್ತು. ಎರಡಕ್ಷರ. ಅಷ್ಟರಲ್ಲಿ ದೊಡ್ಡಬಳ್ಳಾಪುರ ಬಂತು, ಹಿಂದಿನವರೆಲ್ಲ ಇಳಿದರು, ಅವಳೂ ಇಳಿದಳು.

ಬಾಂಬೆಯಲ್ಲಿ ಯಾರೋ ಅದನ್ನು ಇಂಗ್ಲಿಷಿಗೆ ಮಾಡಿಸಿಕೊಂಡು ಓದಿ ಬಹಳ ನೊಂದುಕೊಂಡರಂತೆ. ಕೆಲಸಗಾರರ ದನಿ ಇಷ್ಟು ನೇರವಾಗಿ ಮೇಲಿನವರೆಗೆ ಬಂದದ್ದು ಇದೇ ಮೊದಲೆಂದು ನಂದನ್‌ನನ್ನು ಹೊಗಳಿದರು. ನಂದನ್ ಆ ಹೊಗಳಿಕೆಯಲ್ಲಿ ಒಂದು ಪಾಲು ಮುನಿಕೃಷ್ಣನಿಗೂ ತಂದುಕೊಟ್ಟ. "ಎಲ್ಲರ ಕಿವಿ ಟೆಸ್ಟ್ ಮಾಡಿಸ್ತಾರಂತೆ. ಸ್ಪೆಷಲಿಸ್ಟ್ ಬರ್ತಾರೆ!" ಮುನಿಕೃಷ್ಣನಿಗೆ ಒಂದು ಗಳಿಗೆ ನಿಜಕ್ಕೂ ಗೆದ್ದೆ ಅನ್ನಿಸಿತು. "ಕೇಳಿಸದೇ ಇರೋರಿಗೆ ಏನು ಮಾಡ್ತಾರೆ ಸಾರ್?" ಎಂದ. ನಂದನ್ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. "ಮೆಷಿನ್ ಹತ್ರ ಅಂಥವರನ್ನ ಇಟ್ಕೊಂಡ್ರೆ ನಾಳೆ ಏನಾದ್ರೂ ಆದ್ರೆ ನಮ್ಮ ತಲೆಗೇ ಬರುತ್ತೆ ಅಲ್ವಾ. ಪ್ಯಾಕಿಂಗ್ ಕಂಟ್ರಾಕ್ಟಿಗೆ ಹೋಯ್ತು, ಬೇರೆ ಎಲ್ಲಿ ಹಾಕೋಣ? ಮನೆಗೆ ಕಳ್ಸೋದೇ. ಅವ್ರ ಒಳ್ಳೇದಕ್ಕೇ ರೀ." ಮುಖದಲ್ಲಿ ಕೇಡು ಇರಲಿಲ್ಲ. ಇದ್ದಿದ್ದರೆ ಮುನಿಕೃಷ್ಣನಿಗೆ ಬೈದುಕೊಳ್ಳಲಾದರೂ ಯಾರೋ ಒಬ್ಬರು ಸಿಗುತ್ತಿದ್ದರು.

ಇವತ್ತು ಬೆಳಿಗ್ಗೆ ಅವನು ತಿಂಡಿ ಬಿಟ್ಟೆದ್ದ. ಶಕುಂತಲಮ್ಮ ಬಾಗಿಲಲ್ಲಿ ಅಡ್ಡ ಕೂತು, ಯಾಕೋ ತಿನ್ಲಿಲ್ಲ, ಎಂದು ತುಟಿಯಲ್ಲೇ ಕೇಳಿದಳು. ಒಬ್ಬಳ ಮಾತು ಹೊರಗೆ ಹಾಕ್ಬಿಟ್ಟೆ ಕಣಮ್ಮ, ಅವಳ ಕೆಲಸ ಹೋಗುತ್ತೆ, ಎಂದ. ನಿನಗಾಡಿದ್ದಾ? ಎಂದಳು. ಅಲ್ಲ. ಮತ್ಯಾಕೆ ನೋಡ್ದೆ? ಅವನು ಬಗ್ಗಿ ಚಪ್ಪಲಿ ಹಾಕಿಕೊಂಡ. ಹೆಂಡತಿ ವಾಣಿ ಒಳಗಿಂದ, "ಅಮ್ಮ ಮಗ ಇಬ್ಬರೂ ಮೀನಿನ ಥರ ಬಾಯಿ ಬಿಡ್ತಾ ಕೂತ್ರೆ ಬಸ್ಸು ಕಾಯುತ್ತಾ? ಬೈಕೊಳ್ಳೋದಾದ್ರೆ ನನಗೂ ಕೇಳೋ ಹಂಗೆ ಬೈಕೊಳ್ಳಿ" ಎಂದಳು. ಶಕುಂತಲಮ್ಮ ಸೊಸೆಯ ಕಡೆ ನೋಡಲಿಲ್ಲ. ಹೋಗಿ ಅವಳ ಮುಂದೆ ನಿಂತು ಹೇಳು, ಎಂದು ಮಗನಿಗೆ ದಾರಿ ಬಿಟ್ಟಳು. ಹೇಳುತ್ತೇನೆ ಎಂದುಕೊಂಡೇ ಅವನು ಬಸ್ಸು ಹತ್ತಿದ. ದೊಡ್ಡಬಳ್ಳಾಪುರದಲ್ಲಿ ಪದ್ಮಶ್ರೀ ಹತ್ತಿದಳು, ಹಣೆಗೆ ದೇವಸ್ಥಾನದ ಕುಂಕುಮ ಇತ್ತು, ಅವನನ್ನು ದಾಟಿ ಹಿಂದಕ್ಕೆ ಹೋದಳು. ಅವನು ಹೇಳಲಿಲ್ಲ.

ಡಾಕ್ಟರ ಕಾರು ಬಂದೇ ಬಂತು. ಜ್ವರವಿರಲಿಲ್ಲ, ಲಾರಿಯೂ ಬಿದ್ದಿರಲಿಲ್ಲ. ಯಂತ್ರ ಕೆಟ್ಟಿದ್ದರಿಂದ ಮಾತಿನಲ್ಲೇ ಪರೀಕ್ಷೆ ಮಾಡುತ್ತೇನೆಂದರು. ಹಿಂದಿನ ಟ್ರೈನಿಂಗ್ ರೂಮಿನ ಬಾಗಿಲು ಹಾಕಿಸಿ, ಒಂದು ಕುರ್ಚಿ ಇಡಿಸಿ, ಒಂದು ಕಿವಿ ಮುಚ್ಚಿಸಿ, ತಾವು ಬೆನ್ನ ಹಿಂದೆ ನಿಂತು ಮೆಲ್ಲಗೆ ಒಂದೊಂದು ಪದ ಹೇಳುವುದು. ಕೂತವರು ಅದನ್ನು ತಿರುಗಿ ಹೇಳಬೇಕು. ಜನ ಗಾಬರಿಯಾಗದಿರಲೆಂದು ಪರಿಚಯದ ಮುಖವೊಂದು ಎದುರಿಗಿರಲಿ ಎಂದು ನಂದನ್ ಮುನಿಕೃಷ್ಣನನ್ನೇ ಅಲ್ಲಿ ಕೂರಿಸಿದ. ಗಂಗಲಕ್ಷ್ಮಮ್ಮ ಬಂದು ಎಲ್ಲವನ್ನೂ ಪಟಪಟನೆ ಹೇಳಿ, "ಇನ್ನೂ ಮೆಲ್ಲಗೆ ಹೇಳಿ ಸಾರ್, ನನಗೆ ಪಕ್ಕದ ಮನೆ ಜಗಳಾನೂ ಕೇಳುತ್ತೆ" ಎಂದಳು. ದೊಡ್ಡಮುನಿಯಪ್ಪ ಎರಡು ಪದ ತಪ್ಪಿದ. ಮೂರನೆಯದಕ್ಕೆ ಸುಮ್ಮನೆ ನಗುತ್ತಾ ಕೂತ, ಡಾಕ್ಟರು ಮುಗಿಯಿತು ಎಂದಾಗಲೂ ಅದೊಂದು ಪದವೆಂದುಕೊಂಡು "ಮುಗೀತು" ಎಂದು ತಿರುಗಿ ಹೇಳಿದ. ಅವನು ಮೆಷಿನ್ನಿಗೆ ವಾಪಸು ಹೋಗಲಿಲ್ಲ. ಬಾಗಿಲಾಚೆ ನಿಂತಿದ್ದ ನಂದನ್ ಅವನ ಬೆನ್ನ ಮೇಲೆ ಕೈಯಿಟ್ಟು ಆಫೀಸಿನ ಕಡೆ ಕರೆದುಕೊಂಡು ಹೋದ.

ಪದ್ಮಶ್ರೀ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು. ಅವಳು ಇಷ್ಟು ಹತ್ತಿರದಿಂದ ಅವನ ಮುಖ ನೋಡಿದ್ದು ಅದೇ ಮೊದಲು. ಅವನಿಗೆ ಅವಳ ಮುಖದ ಪ್ರತಿಯೊಂದು ಚಲನೆಯೂ ಗೊತ್ತಿತ್ತು, ಅವಳಿಗೆ ಅವನ ಹೆಸರೂ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ಬಲಗಿವಿಯ ಪರೀಕ್ಷೆ ಹೇಗೋ ದಾಟಿತು. ಮೆಲ್ಲಗೆ ಹೇಳಿದರೂ ಡಾಕ್ಟರ ದನಿಯೇ ಗಟ್ಟಿ. ಎಡಗಿವಿಗೆ ಅವರು "ಬಾಗಿಲು" ಎಂದರು. ಪದ್ಮಶ್ರೀ ಎದುರಿನ ಗೋಡೆ ನೋಡುತ್ತಾ ಕೂತಿದ್ದಳು, ಡಾಕ್ಟರು ಬಾಯಿ ತೆರೆದದ್ದೇ ಅವಳಿಗೆ ತಿಳಿದಿರಲಿಲ್ಲ. ಮುನಿಕೃಷ್ಣ ಕುರ್ಚಿ ಕಿರುಗುಟ್ಟಿಸಿ ಮುಂದೆ ಬಾಗಿದ. ಅವಳ ಕಣ್ಣು ಅವನತ್ತ ಬಂತು. ಅವನು ಉಸಿರೂ ಬಿಡದೆ ತುಟಿ ಆಡಿಸಿದ: ಬಾಗಿಲು.

"ಬಾಗಿಲು" ಎಂದಳು ಪದ್ಮಶ್ರೀ. ಯೋಚಿಸಿ ಹೇಳಿದ್ದಲ್ಲ, ಹುಟ್ಟಿದಾಗಿನಿಂದ ಅಭ್ಯಾಸವಾದದ್ದು ತಾನಾಗಿ ಬಂತು.

"ಗುಡ್" ಎಂದರು ಡಾಕ್ಟರು. ಮುನಿಕೃಷ್ಣನಿಗೆ ಮೈಯೆಲ್ಲ ಹಗುರಾಯಿತು. ಇಷ್ಟು ಸುಲಭವೇ? ಹೀಗೇ ಇನ್ನು ನಾಲ್ಕು ಪದ ದಾಟಿಸಿದರೆ ಅವಳ ಕೆಲಸ ಉಳಿಯುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ, ಎಲ್ಲ ಮೊದಲಿನಂತಾಗುತ್ತದೆ. ಡಾಕ್ಟರು "ಉಪ್ಪು" ಎಂದರು. ಅವನು ಉಪ್ಪು ಎಂದ, ಸ್ವಲ್ಪ ಹುರುಪಿನಿಂದಲೇ ಎಂದ. ಪದ್ಮಶ್ರೀಯ ತುಟಿಗಳು ಆ ಪದಕ್ಕೆ ಸಿದ್ಧವಾಗಿ ಕೂಡಿಕೊಂಡವು, ಆಮೇಲೆ ಹಾಗೆಯೇ ನಿಂತವು. ಅವಳು ಅವನ ಬಾಯಿಯನ್ನು ನೋಡಿದಳು. ಇಸ್ತ್ರಿ ಅಂಗಿ, ಕೊರಳಲ್ಲಿ ನೇತಾಡುವ ಆಫೀಸಿನ ಕಾರ್ಡು, ಮತ್ತೆ ಬಾಯಿ. ಮೇಲಿನ ಗಾಜು ಅವಳ ಕಣ್ಣ ಮುಂದೆ ಬಂದಿರಬೇಕು. ಡಾಕ್ಟರು ಹಿಂದಿನಿಂದ ಇನ್ನೊಮ್ಮೆ "ಉಪ್ಪು" ಎಂದರು. ಪದ್ಮಶ್ರೀ ದನಿಯಿಲ್ಲದೆ ತುಟಿಯಲ್ಲಿ ಕೇಳಿದಳು: ನೀನಾ?

ಇಲ್ಲ ಎನ್ನಲು ಅವನಿಗೆ ಆಗಲಿಲ್ಲ. ಆ ತುಟಿಮಾತಿನಲ್ಲಿ ಅವನು ಯಾವತ್ತೂ ಸುಳ್ಳು ಹೇಳಿರಲಿಲ್ಲ, ಹೇಳುವುದು ಹೇಗೆಂದೇ ಗೊತ್ತಿರಲಿಲ್ಲ. ಹೌದೆಂದು ತಲೆಯಾಡಿಸಿದ. ಮತ್ತೆ ಉಪ್ಪು ಎಂದ, ದಯವಿಟ್ಟು ಎಂದ, ಉಪ್ಪು ಅನ್ನು ತಾಯಿ, ಎಂದ. ಪದ್ಮಶ್ರೀ ಕಣ್ಣು ಮುಚ್ಚಿಕೊಂಡಳು.

"ಕೇಳ್ಸಲಿಲ್ಲ ಸಾರ್" ಎಂದಳು, ಗಟ್ಟಿಯಾಗಿ.

ಡಾಕ್ಟರು ಬೇರೆ ಪದ ಹೇಳಿದರು, ಇನ್ನೊಂದು ಹೇಳಿದರು, ದನಿ ಏರಿಸಿದರು. ಅವಳು ಕಣ್ಣು ತೆರೆಯಲಿಲ್ಲ. ಕೊನೆಗೆ ಅವರು ಭುಜ ಮುಟ್ಟಿ ಸಾಕೆಂದು ಸನ್ನೆ ಮಾಡಿದಾಗ ಎದ್ದು, ಸೆರಗು ಸರಿಮಾಡಿಕೊಂಡು, "ಆ ಕಿವಿ ಹೋಗಿ ಬಹಳ ದಿನ ಆಯ್ತು ಸಾರ್" ಎಂದು ಅವರಿಗೊಬ್ಬರಿಗೇ ಕೈ ಮುಗಿದು ಹೊರಟಳು. ನಂದನ್ ಬಾಗಿಲಲ್ಲಿ ಆಫೀಸಿನ ಕಡೆ ಕೈ ತೋರಿಸಿದ. ಅವಳು ಬುತ್ತಿ ತಗೊಂಡು ಬರುತ್ತೇನೆಂದು ಮೆಷಿನ್ನುಗಳ ಕಡೆ ತಿರುಗಿದಳು. ಮುನಿಕೃಷ್ಣ, ಡಾಕ್ಟರು ಮುಂದಿನವರನ್ನು ಕರೆಯಿರಿ ಎನ್ನುತ್ತಿದ್ದರೂ, ಮೆಟ್ಟಿಲು ಹತ್ತಿ ಓಡಿ ಗಾಜಿನ ಮುಂದೆ ನಿಂತ.

ಅವಳು ಮೂರನೇ ಸಾಲಿಗೆ ಹೋಗಲಿಲ್ಲ. ನೇರವಾಗಿ ಗಂಗಲಕ್ಷ್ಮಮ್ಮನ ಎದುರು ಹೋಗಿ ನಿಂತು ಅವಳ ಎರಡೂ ಕೈ ಹಿಡಿದುಕೊಂಡಳು. ಬೆನ್ನು ಈ ಕಡೆಗಿದ್ದುದರಿಂದ ಏನು ಹೇಳಿದಳೋ ಕಾಣಲಿಲ್ಲ. ಗಂಗಲಕ್ಷ್ಮಮ್ಮ ಅವಳನ್ನು ಅಪ್ಪಿಕೊಂಡಳು. ಆಮೇಲೆ ಅವಳ ಹೆಗಲ ಮೇಲಿಂದಲೇ ಪಕ್ಕದ ಮೆಷಿನ್ನಿನವಳಿಗೆ ತುಟಿ ಆಡಿಸಿದಳು. ಅದನ್ನು ಮುನಿಕೃಷ್ಣ ಓದಿದ. ಮೇಲಿರೋನಿಗೆ ನಮ್ಮ ಮಾತು ಬರುತ್ತೆ. ಪಕ್ಕದವಳು ತಿರುಗಿ ಆಚೆಯವನಿಗೆ ಹೇಳಿದಳು. ಅವನು ಎರಡನೇ ಸಾಲಿಗೆ, ಎರಡನೆಯದು ಮೂರನೆಯದಕ್ಕೆ. ಮಾತು ಸಾಲಿನಿಂದ ಸಾಲಿಗೆ ಹೋಗುವುದನ್ನು, ಒಂದೊಂದೇ ಮುಖ ಮೇಲೆದ್ದು ಗಾಜನ್ನು ನೋಡಿ ಕೆಳಗಾಗುವುದನ್ನು ಅವನು ಅಲ್ಲಾಡದೆ ನೋಡಿದ. ತನ್ನ ಸುದ್ದಿಯನ್ನೇ ಅಷ್ಟೂ ಬಾಯಿಗಳಲ್ಲಿ ಓದಿದ. ಹಿಂದಿನ ಗೋಡೆ ತಲುಪಿದ ಮೇಲೆ ಕೆಳಗೆ ಒಂದು ತುಟಿಯೂ ಆಡಲಿಲ್ಲ. ಹೆಂಗಸರು ಸೆರಗನ್ನು ಮೂಗಿನವರೆಗೆ ಎಳೆದುಕೊಂಡಿದ್ದರು, ಗಂಡಸರು ಕರ್ಚೀಫು ಕಟ್ಟಿದ್ದರು. ಮೆಷಿನ್ನುಗಳು ಮಾತ್ರ ಓಡುತ್ತಿದ್ದವು.

ಪದ್ಮಶ್ರೀ ಬುತ್ತಿ ಹಿಡಿದು ಬಾಗಿಲು ದಾಟಿದಳು. ಗಂಗಲಕ್ಷ್ಮಮ್ಮ ಅವಳು ಹೋದ ಕಡೆ ಸ್ವಲ್ಪ ಹೊತ್ತು ನೋಡಿ, ಆಮೇಲೆ ತಲೆಯೆತ್ತಿ ಗಾಜಿನ ಕಡೆ ತಿರುಗಿದಳು. ಸೆರಗನ್ನು ಬಾಯಿಂದ ಕೆಳಗಿಳಿಸಿ, ಚಿಕ್ಕ ಮಕ್ಕಳಿಗೆ ಹೇಳುವವರ ಹಾಗೆ ಒಂದೊಂದೇ ಪದ ಬಿಡಿಸಿ ಅವನಿಗೆ ಹೇಳಿದಳು. ಇಷ್ಟು ದಿನ ಅವಳು ನನ್ನ ಜೊತೆ ಮಾತಾಡ್ಲಿಲ್ಲ ಕಣಪ್ಪ.

ಗಾಜಿನ ಆಚೆಯಿಂದ ಅವನಿಗೆಂದೇ ಬಂದ ಮೊದಲ ಮಾತು ಅದು. ಮುನಿಕೃಷ್ಣ ಗಾಜಿಗೆ ಹಣೆ ತಾಗುವಷ್ಟು ಬಾಗಿ ಉತ್ತರ ಕೊಡಲು ಬಾಯಿ ತೆರೆದ. ಗಂಗಲಕ್ಷ್ಮಮ್ಮ ಆಗಲೇ ಬೆನ್ನು ತಿರುಗಿಸಿ ಕಡಿದ ಎಳೆ ಹುಡುಕುತ್ತಿದ್ದಳು.